ಬಿಳಿ ಬಟ್ಟೆಯ ಬೋಣಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇದ್ದರೆ ಇರಲಿ. ಆ ಸಿಟ್ಟು ಇಲ್ಲದೆ ಹೋಗಿದ್ದರೆ ನಾನು ಇವತ್ತಿಗೂ ಬೀದರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು, ಹೈದರಾಬಾದಿನ ಸಾಹುಕಾರನೊಬ್ಬ ಕತ್ತರಿಸಿ ಕಳಿಸಿದ ಬಟ್ಟೆಗೆ ಹೊಲಿಗೆ ಹಾಕಿ, ಅವನ ಹೆಸರಿನ ಚೀಟಿ ಹಚ್ಚಿ, ಮೂಟೆ ಕಟ್ಟಿ ಕಳಿಸುತ್ತಲೇ ಇರುತ್ತಿದ್ದೆ. ಹಾಗೆ ಕಳಿಸಿದ ಅಂಗಿಗಳು ತಿರುಗಿ ಬೀದರಿನ ಅಂಗಡಿಗಳಿಗೇ ಬರುತ್ತಿದ್ದವು. ಒಮ್ಮೆ ನನ್ನ ಗಂಡ ಅಂಥದ್ದೊಂದು ಅಂಗಿ ಕೊಂಡು ತಂದು, "ಹೊಲಿಗಿ ಎಷ್ಟ ಚಂದ ಅದ ನೋಡು, ಹೈದರಾಬಾದಿಂದು" ಎಂದು ನನ್ನ ಮುಂದೆ ಹಿಡಿದ. ಅದು ನಾನೇ ಹೊಲಿದದ್ದು. ಕಾಲರಿನ ತಿರುವು ನೋಡಿದ ಕೂಡಲೇ ಗೊತ್ತಾಯಿತು. ಆ ಅಂಗಿಯನ್ನು ನಾನು ಅವನಿಗೆ ಒಂದು ದಿನವೂ ಹಾಕಿಕೊಳ್ಳಲು ಬಿಡಲಿಲ್ಲ.

ಶೆಡ್ಡು ನಡೆಸುವವರು ನಾವಿಬ್ಬರು, ನಾನು ಮತ್ತು ನನ್ನ ನಾದಿನಿ. ಕತ್ತರಿ ಅವಳದು, ಮಷೀನು ಮತ್ತು ಬಾಯಿ ನನ್ನವು. ಓಣಿಯ ಕೆಲವು ಹೆಣ್ಣುಮಕ್ಕಳು ಮಧ್ಯಾಹ್ನದ ಅಡುಗೆ ಮುಗಿಸಿ ಬಂದು ಹೊಲಿಗೆಗೆ ಕೂಡುತ್ತಿದ್ದರು. ಆ ಅಂಗಿಯ ಪ್ರಸಂಗದ ಮರುದಿನವೇ ನಾನು ನಾದಿನಿಗೆ ಹೇಳಿದೆ, ಇನ್ನು ನಮ್ಮ ಮಾಲು ನಾವೇ ಮಾಡೋಣ, ನಮ್ಮ ಚೀಟಿಯನ್ನೇ ಹಚ್ಚೋಣ ಎಂದು. ಏನು ಮಾಡುವುದು ಎಂದು ಅವಳು ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ತಯಾರಿತ್ತು. ಬಿಳಿ. ಬರೀ ಬಿಳಿ.

ನಮ್ಮದು ಬೌದ್ಧ ಮನೆತನ. ನಮ್ಮಲ್ಲಿ ಮದುವೆ ಎಂದರೆ ಮದುಮಗಳಿಗೆ ಬಿಳಿ ಸೀರೆ, ಮದುಮಗನಿಗೆ ಬಿಳಿ ಕುರ್ತಾ. ವಿಹಾರಕ್ಕೆ ಹೋಗುವವರು, ಪೂರ್ಣಿಮೆಗೆ ಸೇರುವವರು ಎಲ್ಲ ಬಿಳಿ. ನಮ್ಮ ಓಣಿಯ ಆಚೆ ಮೆಥಡಿಸ್ಟ್ ಕ್ರೈಸ್ತರ ಮನೆಗಳಿವೆ. ಅವರ ಮದುಮಗಳಿಗೂ ಬಿಳಿ, ಕೂಸಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸುವಾಗಲೂ ಬಿಳಿ ಫ್ರಾಕು. ಇಷ್ಟೊಂದು ಜನ ಬಿಳಿ ಉಡುವ ಜಿಲ್ಲೆಯಲ್ಲಿ ಚೆಂದದ ಬಿಳಿ ಬಟ್ಟೆ ಬೇಕೆಂದರೆ ಉದಗೀರಕ್ಕೋ ಲಾತೂರಿಗೋ ಬಸ್ಸು ಹತ್ತಬೇಕಿತ್ತು. ಇದು ವ್ಯಾಪಾರದ ಲೆಕ್ಕ. ಇದರ ಕೆಳಗೆ ಇನ್ನೊಂದು ಲೆಕ್ಕವೂ ಇತ್ತು, ಅದನ್ನು ನಾನು ನಾದಿನಿಗೂ ಹೇಳಿರಲಿಲ್ಲ.

ನನ್ನ ಮದುವೆಯ ಸೀರೆಗೆಂದು ನಾನೂ ಅವ್ವನೂ ಭಾಲ್ಕಿಗೆ ಹೋಗಿದ್ದೆವು. ನನ್ನ ತವರೂರು ಔರಾದ ತಾಲೂಕಿನ ಸಂತಪುರ. ಆದರೆ ಅವ್ವನ ತವರು ಮೆಹಕರ, ಭಾಲ್ಕಿ ಕಡೆಯದು. ಚಿಕ್ಕಂದಿನಿಂದ ಅವ್ವನಿಗೆ ಬಟ್ಟೆ ಎಂದರೆ ಭಾಲ್ಕಿ. ಅಲ್ಲಿನ ಪೇಟೆಯಲ್ಲಿ ಒಂದು ದೊಡ್ಡ ಅಂಗಡಿ, ಗಲ್ಲೆಯ ಮೇಲೆ ಒಬ್ಬ ದುಂಡು ಮೈಯ ಮಾಲಕ. ಅವ್ವ ಒಳ್ಳೆ ಗತ್ತಿನಲ್ಲಿ, "ಬಿಳಿ ಸೀರಿ ತೋರಿಸ್ರಿ, ಚಲೋದು ಇರಲಿ" ಎಂದಳು. ಮಾಲಕ ತಲೆ ಎತ್ತಿ, ಮುಖ ಸಣ್ಣದು ಮಾಡಿಕೊಂಡು ಕೇಳಿದ, "ಯಾರು ತೀರಿಕೊಂಡ್ರು ಯವ್ವಾ?"

ಅವನು ಕುಹಕದಿಂದ ಕೇಳಿದ್ದರೆ ಅವ್ವ ಅಲ್ಲೇ ಅವನ ಚಳಿ ಬಿಡಿಸುತ್ತಿದ್ದಳು. ಅವನು ಕೇಳಿದ್ದು ಕನಿಕರದಿಂದ. ಅದಕ್ಕೇ ಅವ್ವನ ಬಾಯಿ ಕಟ್ಟಿತು. ನಲ್ಲಿಯ ಮುಂದಿನ ಜಗಳದಲ್ಲಿ ಸಂತಪುರದ ಅರ್ಧ ಊರನ್ನು ಸುಮ್ಮನಾಗಿಸುವ ನನ್ನ ಅವ್ವ ನನ್ನ ರಟ್ಟೆ ಹಿಡಿದು ಮೆಟ್ಟಿಲಿಳಿದಳು. ಕೊನೆಗೆ ಸೀರೆ ತಂದದ್ದು ಉದಗೀರದಿಂದ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಅಂದಳು, "ಮದಿವಿ ಸೀರಿ ಕೇಳಿದ್ರ ಹೆಣ ಎಲ್ಲಿ ಅಂತ ಕೇಳ್ತಾನ." ಆಮೇಲೆ ಅವಳು ಆ ಅಂಗಡಿಯ ಕಡೆ ಹಾಯಲಿಲ್ಲ. ಮೆಹಕರಕ್ಕೆ ಹೋದಾಗಲೂ ಭಾಲ್ಕಿ ಪೇಟೆಯಲ್ಲಿ ಆ ಸಾಲು ಬಿಟ್ಟು ಹಿಂದಿನ ದಾರಿಯಲ್ಲಿ ಸುತ್ತು ಹಾಕಿ ಬರುತ್ತಿದ್ದಳು.

ನಾವು ಹೊಲಿದೆವು. ಬಿಳಿ ಸೀರೆಗೆ ನೀಲಿ ಅಂಚು ಕಟ್ಟಿದೆವು, ಬಿಳಿಯ ಮೇಲೆ ಬಿಳಿ ಕಸೂತಿಯ ಸೀರೆ ಮಾಡಿದೆವು, ಕುರ್ತಾ, ಅಂಗಿ, ಕೂಸುಗಳ ಫ್ರಾಕು. ಬಿಳಿ ಹೊಲಿಯುವುದೆಂದರೆ ಸಣ್ಣ ಕೆಲಸವಲ್ಲ. ಮಷೀನಿನ ಎಣ್ಣೆಯ ಒಂದು ಚುಕ್ಕೆ ಬಿದ್ದರೆ ಮುಗಿಯಿತು, ಅರಿಸಿನದ ಕೈ ತಾಗಿದರೆ ಮುಗಿಯಿತು. ನಾನು ಶೆಡ್ಡಿನ ಬಾಗಿಲಲ್ಲೇ ಸಾಬೂನಿಟ್ಟು ಕಾವಲು ಕೂತೆ. ಹುಡುಗಿಯರು ನನಗೆ ಇಟ್ಟ ಹೆಸರು ಏನೆಂದು ನನಗೆ ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ.

ಇನ್ನು ಮಾಲು ಮಾರಬೇಕು. ಬೀದರಿನಲ್ಲಿ ಮದುವೆ ಹಂಗಾಮಿನ ಮೊದಲು ಒಂದು ಫಂಕ್ಷನ್ ಹಾಲಿನಲ್ಲಿ ಸಗಟು ಬಟ್ಟೆ ಮೇಳ ಕೂಡುತ್ತದೆ. ಅಲ್ಲಿಗೆ ಸೀರೆ ನೋಡುವ ಗೃಹಿಣಿಯರು ಬರುವುದಿಲ್ಲ, ಅಂಗಡಿಯವರು ಬರುತ್ತಾರೆ. ಭಾಲ್ಕಿ, ಔರಾದ, ಹುಮನಾಬಾದ, ಗಡಿಯ ಆಚೆಯವರೂ. ನಮ್ಮಂಥವರು ಒಂದೊಂದು ನಮೂನೆ ತೂಗುಹಾಕಿ ಕೂಡಬೇಕು. ಅವರು ಬಂದು ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಒಳಮಗ್ಗುಲು ತಿರುಗಿಸಿ, ಹೊಲಿಗೆ ಜಗ್ಗಿ ನೋಡಿ ಆರ್ಡರ್ ಬರೆಸುತ್ತಾರೆ. ಅವರು ಬರೆಸಿದಷ್ಟನ್ನು ನಾವು ಹೊಲಿದು ಕಳಿಸುತ್ತೇವೆ. ಅಂಥ ಖರೀದಿದಾರನನ್ನು ಅಲ್ಲಿ 'ಪಾರ್ಟಿ' ಎನ್ನುತ್ತಾರೆ. ಒಬ್ಬನೇ ಬಂದರೂ 'ಭಾಲ್ಕಿ ಪಾರ್ಟಿ ಬಂತು' ಎಂದೇ ಹೇಳುವುದು.

ಮೇಳಕ್ಕೆ ಹೋಗುವ ಮುಂಚೆ ನಾದಿನಿ ನನ್ನಿಂದ ಒಂದು ಮಾತು ತಗೊಂಡಳು. ಮೇಳದಲ್ಲಿ ಆರ್ಡರ್ ಬಂದರೆ ನಮ್ಮ ಚೀಟಿ, ಬರದಿದ್ದರೆ ತಿರುಗಿ ಹೈದರಾಬಾದ್ ಸಾಹುಕಾರನ ಕೂಲಿ ಹೊಲಿಗೆ. ಅವನು ಆಗಲೇ ಹೂಂ ಅನ್ನಿ ಅನ್ನಿ ಎಂದು ಫೋನು ಮಾಡುತ್ತಿದ್ದ. ಓಣಿಯ ಹೆಣ್ಣುಮಕ್ಕಳನ್ನು ಖಾಲಿ ಕೂಡಿಸಲು ಆಗುವುದಿಲ್ಲ, ಅವಳ ಮಾತು ನ್ಯಾಯವಾಗಿತ್ತು. ನಾನು ಒಪ್ಪಿದೆ. ಮೇಳ ಒಂದೇ ದಿನದ್ದು.

ಬೆಳಿಗ್ಗೆ ಹಾಲಿನ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಮಳಿಗೆ ಝಗಝಗ ಅನ್ನುತ್ತಿತ್ತು. ಎಡಕ್ಕೆ ಬಣ್ಣಬಣ್ಣದ ಚೂಡಿದಾರಿನವರು, ಬಲಕ್ಕೆ ಜರಿಯ ಲಂಗದವರು, ನಡುವೆ ನಾವು. ನಮ್ಮನ್ನು ಬಿಟ್ಟು ಯಾರನ್ನು ನೋಡಿಯಾರು ಎಂದುಕೊಂಡೆ. ನೋಡಿದರು. ಎಲ್ಲರೂ ನೋಡಿದರು. ಹತ್ತಿರ ಬಂದು ಒಂದು ಮಾತು ಕೇಳಿದರು, "ಬೋಣಿ ಆಗ್ಯದೇನ್ರಿ?" ಇನ್ನೂ ಇಲ್ಲ ಎಂದು ನಾನು ನಗುನಗುತ್ತ ಹೇಳಿದ ಕೂಡಲೇ, "ಆಯ್ತ್ರಿ, ಆಮ್ಯಾಲ ಬರ್ತೇನಿ" ಎಂದು ಜಾರಿಕೊಂಡರು. ಒಬ್ಬರಲ್ಲ, ಇಬ್ಬರಲ್ಲ, ಬಂದ ಪಾರ್ಟಿಗಳೆಲ್ಲ ಹಾಗೆಯೇ. ಎಡಗಡೆಯವನು ಆರ್ಡರ್ ಬರೆದು ಬರೆದು ಬೆರಳು ಚಟಚಟ ಮುರಿಯುತ್ತಿದ್ದ, ನಾನು ನೊಣ ಹೊಡೆಯುತ್ತ ಕೂತಿದ್ದೆ.

ನಾದಿನಿ ಚಹಾದ ನೆಪದಲ್ಲಿ ಪಕ್ಕದ ಮಳಿಗೆಗೆ ಹೋಗಿ ಸಂಗತಿ ತಿಳಿದುಕೊಂಡು ಬಂದಳು. ಮೇಳದಲ್ಲಿ ಮಳಿಗೆಯ ಮೊದಲ ಆರ್ಡರ್ ಅಂದರೆ ಬೋಣಿ. ಬೋಣಿ ಮಾಡಿದವನ ಕೈಗುಣದಿಂದ ಮಾರುವವನ ವ್ಯಾಪಾರ ನಡೆಯುತ್ತದೆ, ಮಾರುವವನ ಮಾಲಿನಿಂದ ಬೋಣಿ ಮಾಡಿದವನ ಹಂಗಾಮು ನಡೆಯುತ್ತದೆ. ಹಾಗಾಗಿ ಬೋಣಿಗೆ ಕೆಂಪೋ ಹಳದಿಯೋ ಹಸಿರೋ ಬೇಕು. ಅದಾದ ಮೇಲೆ ಬಿಳಿ ಎಷ್ಟು ಬೇಕಾದರೂ ಬರೆಸುತ್ತಾರೆ. ಆದರೆ ಬಿಳಿಯಿಂದ ಬೋಣಿ ಮಾಡಿ ವರ್ಷದ ವ್ಯಾಪಾರ ಮಣ್ಣು ಮಾಡಿಕೊಳ್ಳಲು ಯಾರೂ ತಯಾರಿಲ್ಲ. ಎಲ್ಲರೂ ಇನ್ನೊಬ್ಬರು ಮೊದಲು ಮಾಡಲಿ ಎಂದು ಕಾಯುತ್ತಿದ್ದಾರೆ.

ನನ್ನ ತಲೆ ಕೆಟ್ಟಿತು. ನನಗೆ ಇದು ಹೊಳೆದಿರಲೇ ಇಲ್ಲ. ಹೇಗೆ ಹೊಳೆಯಬೇಕು? ಬಿಳಿ ಸೀರೆ ಉಟ್ಟ ಮದುಮಗಳನ್ನು ನೋಡಿ ನೋಡಿ ಬೆಳೆದವಳು ನಾನು. ಭಾಲ್ಕಿಯ ಆ ಮಾಲಕನೊಬ್ಬನೇ ದಡ್ಡ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

"ಸುಮ್ಮ ಬೋಣಿ ಆಗ್ಯದ ಅಂತ ಹೇಳಮು ವೈನಿ, ಯಾರಿಗಿ ಗೊತ್ತಾಗ್ತದ?" ಎಂದಳು ನಾದಿನಿ.

"ಸುಳ್ಳ ಹೇಳಿ ಅಂಗಡಿ ತೆಗೀಬೇಕೇನ? ಮದಿವಿ ಅರಿವಿ ಮಾರ್ಲಿಕ್ಕ ಬಂದೀನಿ, ಕಳ್ಳ ಮಾಲ್ ಅಲ್ಲ."

ಅವಳು ನಿಟ್ಟುಸಿರು ಬಿಟ್ಟು ಚೀಲದ ತಳದಿಂದ ಒಂದು ಕೆಂಪು ಕುರ್ತಾ ತೆಗೆದಳು. ನನಗೆ ಗೊತ್ತಿಲ್ಲದೆ ಹೊಲಿದು ತಂದಿದ್ದಳು, ಇರಲಿ ಎಂದು. ಮುಂದೆ ತೂಗುಹಾಕುತ್ತೇನೆ ಎಂದಳು. ನಾನು ಅದನ್ನು ಕಸಿದುಕೊಂಡು, ಕುರ್ಚಿಯ ಮೇಲೆ ಹಾಸಿ, ಅದರ ಮೇಲೆ ಕೂತುಬಿಟ್ಟೆ. ನಾನು ತೂಕದ ಹೆಂಗಸು. ನನ್ನನ್ನು ಎಬ್ಬಿಸಿ ಅದನ್ನು ತೆಗೆಯುವುದು ಅವಳ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಊಟದ ಹೊತ್ತಿಗೆ ಭಾಲ್ಕಿ ಪಾರ್ಟಿ ಬಂತು. ಕೂದಲು ಬೆಳ್ಳಗಾಗಿತ್ತು, ಮೈ ಇನ್ನಷ್ಟು ದುಂಡಗಾಗಿತ್ತು, ಆದರೆ ನೋಡಿದ ಕೂಡಲೇ ಗುರುತು ಹಿಡಿದೆ. ಅದೇ ಮಾಲಕ. ಅವನಿಗೆ ನನ್ನ ಗುರುತು ಇರಲು ಕಾರಣವೇ ಇರಲಿಲ್ಲ. ನೀಲಿ ಅಂಚಿನ ಸೀರೆಯನ್ನು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದ. ಬಟ್ಟೆ ತಿಳಿದವರು ಹಾಗೆ ಕಣ್ಣು ಮುಚ್ಚುತ್ತಾರೆ.

"ಮಾಲ್ ಚೊಕ್ಕ ಅದರಿ," ಎಂದ. "ಮೆಹಕರ ಕಡಿ ಮಂದಿ ಭಾಳ ಕೇಳ್ತಾರ. ನಮ್ಮ ದುಕಾನದಾಗ ಇಲ್ಲಂತ ಉದಗೀರಕ್ಕ ಹೋಗ್ತಾರ. ಬೋಣಿ ಆಗ್ಯದೇನ್ರಿ?"

"ಇಲ್ಲರಿ."

"ಹಂಗಿದ್ರ ಮೊದಲ ಒಂದು ಬಣ್ಣದ ಪೀಸ್ ಬರಕೋರಿ, ಶಕುನಕ್ಕ. ಆಮ್ಯಾಲ ಬಿಳೇದು ಎಲ್ಲಾ ಡಿಜೈನ್ ಒಯ್ತೇನಿ, ದೊಡ್ಡ ಆರ್ಡರ್ ಕೊಡ್ತೇನಿ."

ನಾದಿನಿಯ ಮುಖ ಅರಳಿತು. "ಅದರಿ, ಕೆಂಪು ಕುರ್ತಾ ಅದ! ವೈನಿ, ಜರಾ ಏಳ್ರಿ."

ನಾನು ಏಳಲಿಲ್ಲ. ಅವಳು ನನ್ನ ಭುಜ ಹಿಡಿದು ಅಲುಗಾಡಿಸಿದಳು. ನಾನು ಕುರ್ಚಿಯ ಕೈ ಗಟ್ಟಿ ಹಿಡಿದು ಕೂತೆ. ಎದ್ದು ನಿಂತು ಆ ಕೆಂಪು ಕುರ್ತಾ ಕೊಟ್ಟಿದ್ದರೆ ಎಲ್ಲವೂ ಮುಗಿಯುತ್ತಿತ್ತು, ನಮ್ಮ ಚೀಟಿ ಉಳಿಯುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಅವನ ಅಂಗಡಿಯ ಮೆಟ್ಟಿಲು ಇಳಿಯುವ ಅವ್ವ ಇದ್ದಳು.

"ಸಾಹುಕಾರ್ರಿ, ನನ್ನ ಮದಿವಿಗಿ ಬಿಳಿ ಸೀರಿ ಬೇಕಂತ ನಮ್ಮ ಅವ್ವ ನಿಮ್ಮ ದುಕಾನಕ್ಕ ಬಂದಿದ್ಳು," ಎಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ಯಾರು ತೀರಿಕೊಂಡ್ರು ಅಂತ ಕೇಳಿದ್ರಿ ನೀವು. ಮದುಮಗಳು ಪಕ್ಕದಾಗ ನಿಂತಿದ್ಳು, ನಾನ. ನಿಮ್ಮ ಕೆಂಪು ಶಕುನ ನಿಮ್ಮ ಮನ್ಯಾಗ ಇರಲಿ. ನನ್ನ ಅಂಗಡಿ ಬಿಳೇದ್ರಾಗ ತೆರೀತದ, ಇಲ್ಲಂದ್ರ ತೆರ್ಯಂಗೇ ಇಲ್ಲ."

ಜರಿ ಲಂಗದವರು ವ್ಯಾಪಾರ ಬಿಟ್ಟು ನಮ್ಮ ಕಡೆ ತಿರುಗಿದರು. ಮಾಲಕ ಸೀರೆಯನ್ನು ಮೆಲ್ಲಗೆ ಮಡಿಸಿ ಮೇಜಿನ ಮೇಲಿಟ್ಟ. ಹೋದ.

ನಾದಿನಿ ನನ್ನ ಜೊತೆ ಮಾತು ಬಿಟ್ಟಳು. ಬಾಯಿಯಿಂದ ಬಯ್ದಿದ್ದರೆ ನಾನು ತಿರುಗಿ ಬಯ್ಯಬಹುದಿತ್ತು, ಅವಳು ಸುಮ್ಮನೆ ಒಂದೊಂದೇ ನಮೂನೆ ಇಳಿಸಿ ಮಡಿಸತೊಡಗಿದಳು. ಆಗ ನನಗೆ ಹೆದರಿಕೆಯಾಯಿತು. ಮರುದಿನ ಶೆಡ್ಡಿಗೆ ಬರುವ ಹೆಣ್ಣುಮಕ್ಕಳಿಗೆ ಏನು ಹೇಳಲಿ, ಆ ಹೈದರಾಬಾದಿನವನ ಫೋನಿಗೆ ಯಾವ ಬಾಯಿಯಿಂದ ಹೂಂ ಅನ್ನಲಿ ಎಂಬ ಚಿಂತೆ ಹತ್ತಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

ಅಷ್ಟರಲ್ಲಿ ಒಬ್ಬ ಎತ್ತರದ ಹೆಂಗಸು ಬಂದು, ನಾದಿನಿ ಮಡಿಸಿಟ್ಟ ಫ್ರಾಕನ್ನು ಹೇಳದೆ ಕೇಳದೆ ಬಿಚ್ಚಿ ನೋಡತೊಡಗಿದಳು. ನರೆಗೂದಲು, ಕೊರಳಲ್ಲಿ ಸಣ್ಣ ಶಿಲುಬೆ, ಕಾಲಲ್ಲಿ ನರ್ಸುಗಳು ಹಾಕುವಂಥ ಬಿಳಿ ಚಪ್ಪಲಿ. ಔರಾದ ಬಸ್ ನಿಲ್ದಾಣದ ಹತ್ತಿರ ಅವಳದೊಂದು ಚಿಕ್ಕ ಬಟ್ಟೆ ಅಂಗಡಿ. ನರ್ಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ಹಾಕಿದ್ದಂತೆ. ಫ್ರಾಕಿನ ಕಂಕುಳ ಹೊಲಿಗೆಯನ್ನು ಉಗುರಿನಿಂದ ಕೆದರಿ, "ಕೂಸಿಗಿ ಚುಚ್ಚಂಗಿಲ್ಲ, ಚಲೋ ಮಾಡೀರಿ," ಎಂದಳು.

ಇನ್ನೊಬ್ಬರು ಜಾರಿಕೊಳ್ಳುವುದನ್ನು ನೋಡುವ ತಾಳ್ಮೆ ನನಗಿರಲಿಲ್ಲ. "ಮೊದಲ ಹೇಳಿಬಿಡ್ತೇನ್ರಿ," ಎಂದೆ, "ಬೋಣಿ ಆಗಿಲ್ಲ. ಕೆಂಪು ಇಲ್ಲ. ಬೋಣಿ ಬಿಳೇದ್ರಾಗೇ ಆಗಬೇಕು."

ಅವಳು ನನ್ನನ್ನೊಮ್ಮೆ, ನಾನು ಕೂತ ಕುರ್ಚಿಯಿಂದ ಇಣುಕುತ್ತಿದ್ದ ಕೆಂಪು ತೋಳನ್ನೊಮ್ಮೆ ನೋಡಿದಳು. ಆಮೇಲೆ ಹಾಲಿಗೆಲ್ಲ ಕೇಳುವ ಹಾಗೆ ನಕ್ಕಳು.

"ನನಗ ಹೇಳ್ತೀರೇನ್ರಿ ಬೋಣಿ ಸುದ್ದಿ? ಜಲ್ಮ ಪೂರ್ತಿ ಬಿಳಿ ಸೀರಿ ಉಟ್ಟು ಹೆರಿಗಿ ಮಾಡಿಸೀನಿ. ಔರಾದದಾಗ ಅರ್ಧ ಮಂದಿದು ಬೋಣಿ ನನ್ನ ಕೈಲೇ ಆಗ್ಯದ, ಒಬ್ಬರರ ಬ್ಯಾಡ ಅಂದಾರೇನ? ಬರೀರಿ, ಮೊದಲ ಫ್ರಾಕ್ ಬರೀರಿ!"

ನನ್ನ ಕಣ್ಣು ಮಂಜಾಯಿತು, ಪೆನ್ನು ಸಿಗಲಿಲ್ಲ. ನಾದಿನಿ ತನ್ನ ಜಡೆಯಿಂದ ಪೆನ್ನು ಕಿತ್ತು ನನ್ನ ಕೈಗೆ ತುರುಕಿದಳು. ಮಾತು ಬಿಟ್ಟದ್ದು ಅವಳಿಗೆ ಮರೆತೇ ಹೋಗಿತ್ತು.

ಕೈಗುಣ ಒಳ್ಳೆಯದು ಎಂದು ಔರಾದದವಳು ವ್ಯಾಪಾರದಲ್ಲಿ ಸಡಿಲ ಬಿಟ್ಟಳು ಎಂದುಕೊಳ್ಳಬೇಡಿ. ಹಿಂಡಿಬಿಟ್ಟಳು. ಹೆಣ್ಣುಮಕ್ಕಳ ಕುರ್ತಾಕ್ಕೆ ಕಿಸೆ ಇಲ್ಲದಿದ್ದರೆ ಒಂದೂ ಬೇಡ ಎಂದಳು. ಬಿಳಿಯ ಒಳಗಿನಿಂದ ಕಿಸೆ ಎದ್ದು ಕಾಣುತ್ತದೆ ಎಂದು ನಾನು ವಾದಿಸಿದೆ. ಹೆಣ್ಣುಮಕ್ಕಳು ಫೋನು ಎಲ್ಲಿಡಬೇಕು, ತಲೆಯ ಮೇಲೋ ಎಂದು ಅವಳು ಕೇಳಿದಳು. ನಾನು ಸೋತೆ. ಇವತ್ತು ನಮ್ಮ ಬಿಳಿ ಕುರ್ತಾ ಎಂದರೆ ಜನ ಕಿಸೆ ನೋಡಿಯೇ ಗುರುತು ಹಿಡಿಯುತ್ತಾರೆ, ಆ ಮಾತು ಬೇರೆ. ಬರೆಸಿ ಮುಗಿಸಿದ ಮೇಲೆ ಅವಳು ಹಾಲಿನ ನಡುವೆ ನಿಂತು, ಆಸ್ಪತ್ರೆಯ ವಾರ್ಡಿನಲ್ಲಿ ಕೂಗುವ ಹಾಗೆ ಕೂಗಿದಳು, "ಇಲ್ಲಿ ಬೋಣಿ ಆಯ್ತ್ರೀ! ಯಾರ್ ಯಾರ್ ಕಾಯ್ಲತ್ತೀರಿ, ಬರ್ರಿ!"

ಬಂದರು. ಬೆಳಿಗ್ಗೆಯಿಂದ ನಮ್ಮ ಮುಂದೆ ಸುಳಿದು ಸುಳಿದು ಹೋದವರೆಲ್ಲ ಬಂದರು. ಠಾಣಾ ಕುಶನೂರಿನ ಅಂಗಡಿಯವನು ಎರಡೂ ಬಗೆಯ ಸೀರೆ ಬರೆಸಿದ. ಗಡಿಯಾಚೆಯ ಪಾರ್ಟಿ ಮರಾಠಿಯಲ್ಲಿ ಚೌಕಾಸಿ ಮಾಡಿತು, ನಾನು ಕನ್ನಡದಲ್ಲಿ ಬಿಡಲಿಲ್ಲ, ಕೊನೆಗೆ ಇಬ್ಬರೂ ಉರ್ದುವಿನಲ್ಲಿ ಒಪ್ಪಂದಕ್ಕೆ ಬಂದೆವು. ನಾದಿನಿ ಮಡಿಸಿದ್ದನ್ನೆಲ್ಲ ಮತ್ತೆ ಬಿಚ್ಚಿ ತೂಗುಹಾಕಿದಳು. ಎಡಗಡೆಯ ಚೂಡಿದಾರಿನವನೇ ಬಂದು ತನ್ನ ಕುರ್ಚಿಯನ್ನು ನಮ್ಮ ಗಿರಾಕಿಗಳಿಗೆ ಕೊಟ್ಟ. ಬರೆದು ಬರೆದು ನನ್ನ ಬೆರಳೂ ಚಟಚಟ ಎಂದಿತು, ಅಷ್ಟು ಸುಖದ ಸದ್ದನ್ನು ನಾನು ಬೇರೆ ಕೇಳಿಲ್ಲ.

ಸಂಜೆ ಮಳಿಗೆಗಳ ದೀಪ ಆರಿಸುವ ಮುಂಚೆ ಭಾಲ್ಕಿ ಮಾಲಕ ತಿರುಗಿ ಬಂದ. ಕೂಡಲಿಲ್ಲ. ನಿಂತೇ ಬರೆಸಿದ, ನೀಲಿ ಅಂಚಿನದು ಜಾಸ್ತಿ. ಬೆಲೆಯ ಮಾತೂ ಎತ್ತಲಿಲ್ಲ. ಹೊರಡುವಾಗ ಕೇಳಿದ, "ನಿಮ್ಮ ಅವ್ವ ಹ್ಯಾಂಗ ಅದಾರ್ರಿ?"

"ಗಟ್ಟಿ ಅದಾಳರಿ," ಎಂದೆ. ಅವನು ತಲೆಯಾಡಿಸಿ ಹೋದ. ಅಷ್ಟಕ್ಕೇ ನನಗೆ ಸಮಾಧಾನವಾಗಲಿಲ್ಲ, ನಿಜ ಹೇಳುತ್ತೇನೆ.

ಮರುದಿನ ಹೈದರಾಬಾದಿನ ಫೋನು ಬಂದಾಗ ನಾದಿನಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು, "ನಮ್ಮ ಕೈ ಖಾಲಿ ಇಲ್ಲರಿ ಸಾಹುಕಾರ್ರಿ, ನಮ್ಮದೇ ಮಾಲ್ ಅದ," ಎಂದಳು. ಆಮೇಲೆ ಒಬ್ಬಳೇ ಶೆಡ್ಡಿನ ಹಿಂದೆ ಹೋಗಿ ನಕ್ಕು ಬಂದಳು. ಆ ಹಂಗಾಮಿನಲ್ಲಿ ಓಣಿಗೆ ಓಣಿಯೇ ಹೊಲಿಯಿತು. ನನ್ನ ಗಂಡನೂ ಗುಂಡಿ ಹಚ್ಚಿದ. ಅವನಿಗೂ ಒಂದು ಬಿಳಿ ಅಂಗಿ ಹೊಲಿದುಕೊಟ್ಟೆ, ಒಳಗೆ ನಮ್ಮ ಚೀಟಿ.

ಮುಂದಿನ ವರ್ಷದ ಮೇಳ. ನಾವಿನ್ನೂ ನಮೂನೆ ತೂಗುಹಾಕುತ್ತಿದ್ದೇವೆ, ಹಾಲಿನ ಬಾಗಿಲು ಅರ್ಧವೇ ತೆರೆದಿದೆ, ಭಾಲ್ಕಿ ಮಾಲಕ ಏದುಸಿರು ಬಿಡುತ್ತ ಬಂದು ನಮ್ಮ ಮೇಜು ಹಿಡಿದು ನಿಂತ.

"ಔರಾದ ಪಾರ್ಟಿ ಬಂತೇನ್ರಿ?"

"ಇಲ್ಲರಿ, ಯಾಕ?"

"ಹಂಗಿದ್ರ ಈ ಸಲ ಬೋಣಿ ನಂದು."

ನಾದಿನಿಗೆ ಚೇಷ್ಟೆ ಉಕ್ಕಿತು. ಹಳೆಯ ಕೆಂಪು ಕುರ್ತಾವನ್ನು ಅವಳು ಕಾದಿಟ್ಟಿದ್ದಳು. ಅದನ್ನು ಅವನ ಮುಂದೆ ಹರವಿ, "ಶಕುನಕ್ಕ ಕೆಂಪು ಬರಕೊಳ್ಳೇನ್ರಿ ಮೊದಲ?" ಎಂದಳು.

"ಏ, ತಗೀರಿ ಅದನ್ನ! ಬಿಳೇದು ಬರೀರಿ, ಬಿಳೇದು!" ಎಂದ. ಅಷ್ಟು ಹೊತ್ತು ನನ್ನ ಮುಖ ನೋಡದವನು ಆಗ ನೋಡಿದ. "ಹೋದ ವರ್ಷದಿಂದ ದುಕಾನದಾಗ ಬಿಳಿ ಸೀರಿ ಗಲ್ಲೆ ಮುಂದ ಹಾಕೀನ್ರಿ. ಆಳುಗಳಿಗಿ ಹೇಳೀನಿ, ಯಾರರ ಬಿಳಿ ಸೀರಿ ಕೇಳಿದ್ರ ಮೊದಲ ಕೇಳೋ ಮಾತು ಒಂದೇ, 'ಮದಿವಿ ಯಾವಾಗದ ಯವ್ವಾ?'"

ತಲೆ ಬಗ್ಗಿಸಿ ಅವನ ಆರ್ಡರ್ ಬರೆದೆ. ಬೋಣಿ ಅವನದೇ ಆಯಿತು. ತಡವಾಗಿ ಬಂದ ಔರಾದದವಳು ಇಬ್ಬರನ್ನೂ ಬೈದಳು.

ಸಂಜೆ ಸಂತಪುರಕ್ಕೆ ಫೋನು ಮಾಡಿ ಅವ್ವನಿಗೆ ಇದ್ದದ್ದು ಇದ್ದಂತೆ ಹೇಳಿದೆ.

"ನಾಳಿ ಮುಂಜಾನಿ ಬಸ್ಸಿಗಿ ಬರ್ತೇನಿ," ಎಂದಳು ಅವ್ವ. "ಭಾಲ್ಕಿಗಿ ಹೋಗಮು. ಆ ದುಕಾನದಾಗ ಬಿಳಿ ಸೀರಿ ತಗೋಬೇಕು."

"ಅಯ್ಯ ಯವ್ವಾ, ನಮ್ಮ ಶೆಡ್ಡಿನ್ಯಾಗ ಅವೇ ಸೀರಿ ರಾಶಿ ಬಿದ್ದಾವ. ಮನ್ಯಾಗ ಯಾರದೂ ಮದಿವಿನೂ ಇಲ್ಲ."

"ಇಲ್ಲದಿದ್ರ ಇಲ್ಲ. ಅಂವ ಕೇಳಬೇಕು, ನಾ ಕೇಳಿಸ್ಕೋಬೇಕು."